ಹುಟ್ಟು ನಿಂತಾಗ ಕಾಣುವ ರಂಗನತಿಟ್ಟು

ದೋಣಿ ಹತ್ತಿದ ಹುಡುಗನಿಗೆ ಮೊಸಳೆ ಬೇಕಿತ್ತು, ಅವನಪ್ಪನಿಗೆ ಫೋಟೊ. ಹಿರಿಯ ಅಂಬಿಗರು ಯಾವುದಕ್ಕೂ ಅವಸರಪಡಲಿಲ್ಲ. ಹಕ್ಕಿಗಳು ಗೂಡು ಕಟ್ಟಿದ್ದ ನಡುಗಡ್ಡೆ ಹತ್ತಿರವಾದೊಡನೆ ಹುಟ್ಟನ್ನೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಅದರ ತುದಿಯಿಂದ ನೀರು ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸಿತು.

‘ಆ ಬಾಯ್ಕಳಕನ ಕೊಕ್ಕು ನೋಡು ಮಗಾ. ಮುಚ್ಚಿದ್ರೂ ಮಧ್ಯ ಸಂದಿ ಅದೆ. ಬಸವನಹುಳ ತಿನ್ನೋ ಹಕ್ಕಿ ಅದು. ಈಗ ಗೂಡಲ್ಲಿರೋ ಮರೀನ ನೋಡು, ಅದುಕ್ಕೆ ಸಂದಿ ಅದಾ?’

ಇರಲಿಲ್ಲ. ಬೆಳೆಯುತ್ತ ಮೂಡುವ ಸಂದಿಯದು. ಹುಡುಗ ಮರಿಯನ್ನೂ ತಾಯಿಯನ್ನೂ ಮತ್ತೆ ಮತ್ತೆ ನೋಡಿದ. ಮುಂದೆ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ‘ಕೋಪ ಅಲ್ಲ ಕಣಪ್ಪ, ಸೆಕೆ. ಮೈ ತಂಪು ಮಾಡ್ಕೊತಾ ಅದೆ’ ಎಂದರು ಅಂಬಿಗರು. ಹುಡುಗ ಕಿರುಚಲಿಲ್ಲ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದ.

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಯಿಂದ ಈ ನಡುಗಡ್ಡೆಗಳು ಮೂಡಿದವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ, ಎನಿಸಿತು.

ನಾಗರಹೊಳೆ, ಬಂಡೀಪುರಗಳಿಂದ ‘ಹುಲಿ ಕಾಣಲಿಲ್ಲ’ ಎಂದು ಮುಖ ಸಪ್ಪೆ ಮಾಡಿಕೊಂಡು ಮರಳುವವರನ್ನು ಕಂಡಿದ್ದೇನೆ. ಹುಲಿ ಕಾಣಿಸುತ್ತೇವೆಂದು ಯಾವ ಟಿಕೆಟ್ಟೂ ಮಾತು ಕೊಡಲಾರದು. ಆದರೆ ಎದುರಿಗಿರುವುದನ್ನು ನೋಡಲು ಕಲಿಸುವವರೊಬ್ಬರು ಜೊತೆಗಿದ್ದರೆ ಬರಿಗೈಯಲ್ಲಿ ಮರಳುವ ಪ್ರಮೇಯವೇ ಇಲ್ಲ. ಬಂದವರ ತೃಪ್ತಿ ಇರುವುದು ಕಂಡ ಪ್ರಾಣಿಗಳ ಲೆಕ್ಕದಲ್ಲಲ್ಲ, ಹುಟ್ಟು ನಿಲ್ಲಿಸಿ ಮಾತಾಡಲು ಅಂಬಿಗರಿಗೆ ಸಿಗುವ ಎರಡು ನಿಮಿಷದ ಬಿಡುವಿನಲ್ಲಿ.

ಭಾನುವಾರದ ನೂಕುನುಗ್ಗಲಲ್ಲಿ ಆ ಬಿಡುವೇ ಮೊದಲು ಕರಗುವುದು. ದಡದಲ್ಲಿ ಸಾಲು ಬೆಳೆದಷ್ಟೂ ದೋಣಿಗೆ ಅವಸರ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿಗಳು ದಡ ಸೇರುತ್ತವೆ, ನಡುಗಡ್ಡೆಗಳ ಮಣ್ಣು ಕೊಚ್ಚಿಹೋಗುತ್ತದೆ. ಹೊಳೆಯ ರಭಸ ನಮ್ಮ ಕೈಯಲ್ಲಿಲ್ಲ. ದೋಣಿಯ ವೇಗ ನಮ್ಮ ಕೈಯಲ್ಲಿದೆ. ಜನರನ್ನು ಇಷ್ಟಿಷ್ಟೇ ಬಿಟ್ಟು, ಅಂಬಿಗರ ಮಾತಿಗೂ ಹೊತ್ತು ಕೊಡಬೇಕು.

ದಡಕ್ಕಿಳಿದ ಮೇಲೆ ಹುಡುಗ ಅಪ್ಪನ ತೋಳೆಳೆದು, ‘ಆ ಮರಿಗೆ ಸಂದಿ ಯಾವಾಗ ಬರುತ್ತೆ?’ ಎಂದ. ಅಪ್ಪ ಉತ್ತರಕ್ಕಾಗಿ ಹಿಂದಿರುಗಿ ನೋಡಿದರು. ಅಂಬಿಗರು ಆಗಲೇ ಮುಂದಿನ ಗುಂಪನ್ನು ಹತ್ತಿಸಿಕೊಂಡು ಹೊಳೆಯ ನಡುವೆ ಹೋಗಿಯಾಗಿತ್ತು.