ಓದುವವರನ್ನು ಎಣಿಸದೆ ಕಾಯುವುದು ಹೇಗೆ?

ಹಳಿಯಾಳದ ಒಂದು ಸರ್ವೆ ನಂಬರಿನ ಪಹಣಿಯನ್ನು ನೂರು ಜನ ಒಟ್ಟಿಗೆ ನೋಡಿದರೂ ತೊಂದರೆಯಿಲ್ಲ. ಹಕ್ಕು ಬದಲಾವಣೆ ದಾಖಲಿಸುವಾಗ ಮಾತ್ರ ಎಚ್ಚರ ಬೇಕು. ಹಳೆಯ ಮಾಲೀಕರ ಹೆಸರಿನ ಪಕ್ಕ ಹೊಸ ವಿಸ್ತೀರ್ಣ ಇರುವ ಅರೆಬರೆ ಪಹಣಿ ಯಾರ ಕೈಗೂ ಹೋಗಬಾರದು. ದಾಂಡೇಲಿ, ಜೋಯಿಡಾ, ಮುಂಡಗೋಡದಲ್ಲಿ ಆ ಪಹಣಿಯನ್ನು ತೆರೆಯುವ ಆಂಡ್ರಾಯ್ಡ್ ಫೋನಿನ ಲಿನಕ್ಸ್ ಕರ್ನಲ್‌ಗೂ ಕ್ಷಣಕ್ಷಣಕ್ಕೆ ಇದೇ ಚಿಂತೆ. ಅಲ್ಲಿ ಹಲವು ಕೋರ್‌ಗಳು ಒಂದೇ ಮಾಹಿತಿಯನ್ನು ಓದುತ್ತಿರುತ್ತವೆ. ಅಪರೂಪಕ್ಕೊಮ್ಮೆ ಯಾವುದೋ ಒಂದು ಕೋರ್ ಅದನ್ನು ತಿದ್ದಬೇಕಾಗುತ್ತದೆ.

ಓದುವವರು ಎಷ್ಟಾದರೂ ಒಳಗಿರಲಿ, ಬರೆಯುವವರು ಬಂದಾಗ ಒಬ್ಬರೇ ಇರಲಿ ಎಂಬ ಲಾಕನ್ನು 1971ರಲ್ಲೇ ಕೂರ್ಟ್ವಾ, ಹೇಮನ್ಸ್, ಪಾರ್ನಾಸ್ ವಿವರಿಸಿದ್ದರು. ಓದುವವರಿಗೇ ಸದಾ ಮಣೆ ಹಾಕಿದರೆ ಬರೆಯುವವರ ಸರದಿ ಬಾರದೇ ಹೋಗಬಹುದು ಎಂಬುದೂ ಅವರಿಗೆ ಗೊತ್ತಿತ್ತು.

ಆದರೆ ಹಲವು ಕೋರ್‌ಗಳ ಯಂತ್ರದಲ್ಲಿ ಪೆಟ್ಟು ಬೀಳುವುದು ಬೇರೆಡೆ. ಒಳಗೆ ಎಷ್ಟು ಓದುಗರಿದ್ದಾರೆಂದು ಲಾಕ್ ಎಣಿಸಬೇಕು: ಬರುವಾಗ ಒಂದು ಕೂಡಿಸು, ಹೋಗುವಾಗ ಒಂದು ಕಳೆ. ಅಂದರೆ ಬರೀ ಓದಲು ಬಂದ ಕೋರ್ ಕೂಡ ಏನನ್ನೋ ಬರೆದೇ ಬರೆಯುತ್ತದೆ. ಬರೆಯಬೇಕಾದರೆ ಆ ಎಣಿಕೆ ಇರುವ ಕ್ಯಾಶ್ ಸಾಲು, ಸಾಮಾನ್ಯವಾಗಿ 64 ಬೈಟ್, ಅದರ ವಶಕ್ಕೇ ಬರಬೇಕು. ಉಳಿದ ಕೋರ್‌ಗಳಲ್ಲಿರುವ ಪ್ರತಿಗಳು ರದ್ದಾಗಬೇಕು. ಹೀಗೆ ಆ ಸಾಲು ಕೋರಿನಿಂದ ಕೋರಿಗೆ ಅಲೆಯುತ್ತಲೇ ಇರುತ್ತದೆ. ಓದು ಚುಟುಕಾಗಿದ್ದಷ್ಟೂ ಅಲೆದಾಟದ ಖರ್ಚೇ ಹೆಚ್ಚು. ಪರಸ್ಪರ ಜಗಳವೇ ಇಲ್ಲದ ಓದುಗರು ಒಬ್ಬರನ್ನೊಬ್ಬರು ತಡೆಯುತ್ತಾರೆ.

ಈ ಗಂಟು ಬಿಡಿಸುವಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನಿ, ಜಾನ್ ಸ್ಲಿಂಗ್‌ವೈನ್ ರೂಪಿಸಿದ್ದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ವಿಧಾನವನ್ನು ಲಿನಕ್ಸ್‌ಗೆ ತರಲು ಶ್ರಮಿಸಿದವರಲ್ಲಿ ಐಬಿಎಂನ ಬೆಂಗಳೂರು ತಂಡದ ದೀಪಂಕರ್ ಸರ್ಮಾ ಮುಖ್ಯರು. 2002ರ ಅಕ್ಟೋಬರಿನಲ್ಲಿ ಅದು 2.5.43 ಆವೃತ್ತಿಗೆ ಸೇರಿತು. ಕಡತ ತೆರೆಯುವಾಗ ಕರ್ನಲ್ ದಾರಿಯ ಒಂದೊಂದು ಫೋಲ್ಡರಿನ ಹೆಸರನ್ನೂ ಮೆಮೊರಿಯಲ್ಲಿ ಹುಡುಕುತ್ತದೆ. ಒಂದೇ ಲಾಕಿಗಾಗಿ ಎಲ್ಲರೂ ಕಾಯುತ್ತಿದ್ದ ಆ ಹುಡುಕಾಟಕ್ಕೆ ಸರ್ಮಾ ಮತ್ತು ಅದೇ ತಂಡದ ಮನೀಶ್ ಸೋನಿ ಆರ್‌ಸಿಯು ಅಳವಡಿಸಿದರು.

ಇದರಲ್ಲಿ ಓದುಗರ ಎಣಿಕೆಯೇ ಇಲ್ಲ. ತಿದ್ದುವವರು ಹಳೆಯದನ್ನು ಮುಟ್ಟದೆ ಅದರ ಪ್ರತಿ ತೆಗೆದು, ಪ್ರತಿಯನ್ನು ತಿದ್ದಿ, ಪಾಯಿಂಟರನ್ನು ಒಂದೇ ಏಟಿಗೆ ಹೊಸದರತ್ತ ತಿರುಗಿಸುತ್ತಾರೆ. ಆಗಲೇ ಒಳಗಿದ್ದವರು ಹಳೆಯದನ್ನು ಓದಿ ಮುಗಿಸುತ್ತಾರೆ. ಆಮೇಲೆ ಬಂದವರಿಗೆ ಹೊಸದು ಸಿಗುತ್ತದೆ. ಹಾಗಾದರೆ ಹಳೆಯದನ್ನು ಅಳಿಸುವುದು ಯಾವಾಗ? ಆರ್‌ಸಿಯುವಿನ ಮೂಲ ರೂಪದಲ್ಲಿ, ಓದು ಮುಗಿಯುವ ತನಕ ಕೋರ್ ಬೇರೆ ಕೆಲಸಕ್ಕೆ ಹೊರಳುವಂತಿಲ್ಲ. ಆದ್ದರಿಂದ ಪ್ರತಿಯೊಂದು ಕೋರೂ ಒಮ್ಮೆ ಕೆಲಸ ಬದಲಿಸಿತೆಂದರೆ ಹಳೆಯ ಓದುಗರೆಲ್ಲ ಹೊರಬಿದ್ದಾಯಿತು ಎಂದೇ ಅರ್ಥ. ಯಾರನ್ನೂ ಕೇಳದೆ, ಎಣಿಸದೆ ಇದು ತಿಳಿಯುತ್ತದೆ. ಇಷ್ಟು ಸೊಗಸಾದ ತರ್ಕ ಕರ್ನಲ್ ಲೋಕದಲ್ಲಿ ಅಪರೂಪ.

ಬೆಲೆಯಂತೂ ಇದೆ. ಹಳೆಯ ಪ್ರತಿ ಕೆಲಕಾಲ ಮೆಮೊರಿಯನ್ನು ಹಿಡಿದಿಡುತ್ತದೆ. ತಿದ್ದುವವರು ಇಬ್ಬರಾದರೆ ಅವರ ನಡುವೆ ಲಾಕ್ ಬೇಕೇ ಬೇಕು. ಒಂದು ಗಳಿಗೆ ಹಳತಾದ ಮಾಹಿತಿಯನ್ನೂ ಸಹಿಸಲಾಗದ ಕಡೆ ಓದುವವರಿಗೂ ಲಾಕ್ ತಪ್ಪದು. ಅಂಥ ಕಡೆಗೆಂದೇ 2019ರಲ್ಲಿ ಡೇವ್ ಡೈಸ್, ಅಲೆಕ್ಸ್ ಕೋಗನ್ ಬ್ರಾವೋ ಎಂಬ ವಿನ್ಯಾಸ ಮುಂದಿಟ್ಟರು. ಅದರಲ್ಲಿ ಓದುಗರು ಒಂದೇ ಎಣಿಕೆಗೆ ಮುಗಿಬೀಳದೆ, ದೊಡ್ಡ ಕೋಷ್ಟಕವೊಂದರ ಬೇರೆ ಬೇರೆ ಮನೆಗಳಲ್ಲಿ ಗುರುತು ಹಾಕುತ್ತಾರೆ. ಬರೆಯಲು ಬಂದವರು ಆ ಕೋಷ್ಟಕವನ್ನು ಪೂರ್ತಿ ಜಾಲಾಡಿ, ಗುರುತುಗಳು ಅಳಿಯುವವರೆಗೆ ಕಾಯಬೇಕು. ಬರೆಯುವುದು ಅಪರೂಪವಾಗಿದ್ದಲ್ಲಿ ಮಾತ್ರ ಈ ವ್ಯವಹಾರ ಲಾಭದ್ದು.