ಎಡೆಯೂರಿನ ಗದ್ದುಗೆ

ಇಂಗ್ಲಿಷ್ ಪಾಠಗಳಲ್ಲಿ ಗ್ರೇ ಕವಿಯನ್ನು ಓದಿದವರು ನಮ್ಮಲ್ಲಿ ಅನೇಕರುಂಟು. ಗ್ರಾಮ್ಯ ಸ್ಮಶಾನವನ್ನು ಕುರಿತ ಅವನ ಶೋಕಗೀತೆ 1751ರಲ್ಲಿ ಅಚ್ಚಾಯಿತು. ಸ್ಟೋಕ್ ಪೋಜಿಸ್ ಎಂಬ ಊರಿನ ಇಗರ್ಜಿಯ ಅಂಗಳದಲ್ಲಿ ಅವನು ತನ್ನ ತಾಯಿಯ ಗೋರಿಯೊಳಗೇ ಮಲಗಿದ್ದಾನೆ. ಗೋರಿಯ ಮೇಲಣ ಬರಹವು ತಾಯಿಯನ್ನೂ ಆಕೆಯ ಸೋದರಿಯನ್ನೂ ಕುರಿತದ್ದು. ಕವಿಯ ಹೆಸರು ಎದುರಿನ ಗೋಡೆಯ ಫಲಕದಲ್ಲಿ ಮಾತ್ರ ಇದೆ. ಆದರೂ ಓದುಗರು ಹುಡುಕಿಕೊಂಡು ಹೋಗುತ್ತಾರೆ. ವಿಲಾಯತಿಗೆ ಹೋದ ನಮ್ಮವರೂ ಅಲ್ಲಿ ಕೈಕಟ್ಟಿ ನಿಂತು ಬರುವುದುಂಟು. ಅದು ತಪ್ಪೆಂದು ನಾವು ಹೇಳುವುದಿಲ್ಲ.

ನಮ್ಮ ತೆಂಗಿನ ಸೀಮೆಯಲ್ಲಿ ಹಾಗೆ ನಿಲ್ಲಬಹುದಾದ ಸ್ಥಳ ಯಾವುದು? ಕನ್ನಡಕ್ಕೆ ಈ ಸೀಮೆ ಕೊಟ್ಟವರು ಸಾಮಾನ್ಯರಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದರು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ತೀ. ನಂ. ಶ್ರೀಕಂಠಯ್ಯನವರು. ಆದರೆ ಅಗ್ನಿಗೆ ಒಪ್ಪಿಸುವ ಮನೆತನಗಳಲ್ಲಿ ಗೋರಿಯನ್ನು ಹುಡುಕುವುದೆಂತು? ಶ್ರೀಯವರು 1946ರಲ್ಲಿ ತೀರಿಕೊಂಡದ್ದೂ ದೂರದ ಧಾರವಾಡದಲ್ಲಿ.

ಹಾಗಿದ್ದರೂ ಗ್ರಂಥಕರ್ತರೊಬ್ಬರ ಸಮಾಧಿ ಈ ಸೀಮೆಯ ಮಗ್ಗುಲಲ್ಲೇ ಇದೆ. ನಾವೆಲ್ಲರೂ ಅದನ್ನು ಕಂಡವರೇ. ತುರುವೇಕೆರೆಯಿಂದ ಮಾಯಸಂದ್ರದ ಮಾರ್ಗವಾಗಿ ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ಹೋದರೆ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆ ಸಿಕ್ಕುತ್ತದೆ. ನಮ್ಮನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದದ್ದು ಮುಡಿ ತೆಗೆಸುವುದಕ್ಕೆ. ಆಮೇಲೆಯೂ ಎಷ್ಟೋ ಬಾರಿ ಕಾಯಿ ಒಡೆಸಿ, ದಾಸೋಹದಲ್ಲಿ ಉಂಡು ಬಂದೆವು. ಒಳಗಿರುವವರು ಕನ್ನಡದಲ್ಲಿ 701 ವಚನಗಳನ್ನು ಬರೆದವರೆಂಬುದು ತಿಳಿಯುವ ಹೊತ್ತಿಗೆ ನಮ್ಮ ತಲೆ ನರೆತಿತ್ತು. ಮೊನ್ನೆ ಸಾಲಿನಲ್ಲಿ ಮುಂದೆ ನಿಂತಿದ್ದ ವಿದ್ಯಾವಂತರೊಬ್ಬರನ್ನು ಕೇಳಿದೆವು. “ಸಿದ್ಧಲಿಂಗೇಶ್ವರ ನಮ್ಮ ಮನೆದೇವರು, ಬರೆದದ್ದು ನಮಗೆ ಗೊತ್ತಿಲ್ಲ” ಎಂದರು. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗೆಲ್ಲಿ?

ಹುಟ್ಟಿದ್ದು ಚಾಮರಾಜನಗರದ ಕಡೆಯ ಹರದನಹಳ್ಳಿಯಲ್ಲೆಂದು ಪ್ರತೀತಿ. ಕಾಲ ಸುಮಾರು 15–16ನೆಯ ಶತಮಾನ. ಬಸವಾದಿ ಪ್ರಮಥರ ತರುವಾಯ ಶತಮಾನಗಳೇ ಕಳೆದು, ವಚನವೆಂಬುದು ಓಲೆಯ ಕಟ್ಟುಗಳಲ್ಲಿ ಮಾತ್ರ ಉಳಿದಿದ್ದ ಸಮಯದಲ್ಲಿ ಆ ಮಾತನ್ನು ಮತ್ತೆ ಬಾಯಿಗೆ ತಂದವರು ಇವರು. ‘ಷಟ್‌ಸ್ಥಲಜ್ಞಾನಸಾರಾಮೃತ’ವೆಂಬುದು ಆ ಕೃತಿಯ ಹೆಸರು. ವಿಷಯ ಗಹನವಾದರೂ ಭಾಷೆ ಸಂಸ್ಕೃತದ ಅಂಗಲಾಚಿದ್ದಲ್ಲ. ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು ‘ಶೂನ್ಯಸಂಪಾದನೆ’ಯನ್ನು ಪರಿಷ್ಕರಿಸಿದ್ದೂ ಇವರ ಪರಂಪರೆಯಲ್ಲಿಯೇ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಓಲೆಗಳನ್ನು ಹೀಗೆ ಕೂಡಿಸಿ ಕಾಯ್ದವರು ನಡುವೆ ಇಲ್ಲದಿದ್ದರೆ ಅಚ್ಚಿಗೆ ಹೋಗಲು ಎಷ್ಟು ಉಳಿಯುತ್ತಿತ್ತೋ!

ಗದ್ದುಗೆಯ ಎದುರಿನಲ್ಲಿ ಓದಬೇಕೆಂದು ಪುಸ್ತಕವನ್ನು ಕೊಂಡೊಯ್ದಿದ್ದೆವು. ಗಂಟೆ, ಜಯಕಾರ, ಹಿಂದಿನವರ ನೂಕಾಟ. ಪುಸ್ತಕ ಬಿಚ್ಚಲೂ ಎಡೆಯಿರಲಿಲ್ಲ. ಆದುದರಿಂದ ಸಮೀಪದ ಕಗ್ಗೆರೆಗೆ ಹೋದೆವು. ನಾಗಿನೀ ತೀರದ ಈ ಊರಿನ ತೋಟದಲ್ಲಿ ಯತಿಗಳು ಯೋಗದಲ್ಲಿ ಕುಳಿತಿರಲು ಮೈಮೇಲೆ ಹುತ್ತ ಬೆಳೆಯಿತೆಂದೂ, ಹಸುವೊಂದು ಬಂದು ಹಾಲು ಕರೆಯುತ್ತಿತ್ತೆಂದೂ ಕಥೆ. ‘ತೋಂಟದ’ ಎಂಬ ಹೆಸರು ಬಂದದ್ದು ಈ ತೋಟದಿಂದ. ತೆಂಗು ಬೆಳೆದು ಬದುಕುವ ನಮ್ಮ ಜನಕ್ಕೆ ಇದಕ್ಕಿಂತ ಹತ್ತಿರದ ಬಿರುದು ಯಾವ ಕವಿಗಿದೆ?

ಮಧ್ಯಾಹ್ನ ಇಳಿಯುತ್ತಿತ್ತು, ಜನ ವಿರಳ. ನೆರಳಿನಲ್ಲಿ ಕುಳಿತು ನಾಲ್ಕು ವಚನಗಳನ್ನು ಗಟ್ಟಿಯಾಗಿ ಓದಿದೆವು. ಸೋಗೆ ಎಳೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, “ಯಾರದು ಸ್ವಾಮಿ ಈ ಮಾತು?” ಎಂದು ಕೇಳಿದರು. ಇಲ್ಲಿ ತಪಸ್ಸಿಗೆ ಕುಳಿತಿದ್ದವರದೇ ಎಂದೆವು. ಅವರು ಸೋಗೆಯನ್ನು ಕೆಳಗಿಟ್ಟು, ಕೈಮುಗಿದು, ಇನ್ನೊಂದನ್ನು ಓದಿರೆಂದು ಹೇಳಿ ಅಲ್ಲಿಯೇ ಕುಳಿತರು.