ಕೈಗಾ ವಾದ ಮುಗಿಯದೇಕೆ? ಒಂದು ಸ್ಥಾವರ, ನಾಲ್ಕು ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಡದಲ್ಲಿರುವ ಕೈಗಾ ಅಣು ವಿದ್ಯುತ್ ಸ್ಥಾವರದ ಕುರಿತ ವಾದವಿವಾದಕ್ಕೆ ಸುಮಾರು ನಾಲ್ಕು ದಶಕಗಳ ಇತಿಹಾಸವಿದೆ. ಸಾಹಿತಿ ಡಾ. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ ಬೀದಿಗಿಳಿದರು. 1989ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಪರಾಭವಗೊಂಡರು. ಸ್ಥಾವರ ನಿರ್ಮಾಣವಾಯಿತು, ವಿದ್ಯುತ್ ಉತ್ಪಾದನೆಯೂ ಆರಂಭವಾಯಿತು. ಆದರೆ ವಾದ ಮಾತ್ರ ನಿಂತಿಲ್ಲ.

ಸದ್ಯ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. 2017ರಲ್ಲಿ ಕೇಂದ್ರ ಸಚಿವ ಸಂಪುಟವು ದೇಶದಲ್ಲಿ ತಲಾ 700 ಮೆಗಾವಾಟ್‌ನ ಹತ್ತು ಹೊಸ ಘಟಕಗಳಿಗೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಎರಡು ಕೈಗಾದ ಪಾಲಿಗೆ ಬಂದವು. ಐದು ಮತ್ತು ಆರನೆಯ ಘಟಕಗಳ ಈ ಪ್ರಸ್ತಾಪದೊಂದಿಗೆ ಹಳೆಯ ಚರ್ಚೆ ಮತ್ತೆ ಕಾವೇರಿತು.

ಈ ಚರ್ಚೆಯನ್ನು ಗಮನಿಸಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ. ಒಬ್ಬರು ವಿಕಿರಣದ ಬಗ್ಗೆ ಕೇಳಿದರೆ ಮತ್ತೊಬ್ಬರು ವಿದ್ಯುತ್ ಕೊರತೆಯ ಉತ್ತರ ಕೊಡುತ್ತಾರೆ. ಭದ್ರತೆಯ ಬಗ್ಗೆ ಕೇಳಿದವರಿಗೆ ದೇಶಪ್ರೇಮದ ಪಾಠ ಸಿಗುತ್ತದೆ. ಪರಿಹಾರದ ಬಗ್ಗೆ ಕೇಳಿದವರಿಗೆ ವಿಜ್ಞಾನ ತಿಳಿಯದೆಂಬ ಆರೋಪ ಎದುರಾಗುತ್ತದೆ. ವಾಸ್ತವವಾಗಿ ಕೈಗಾ ಎಂಬ ಒಂದೇ ಹೆಸರಿನಡಿ ವಿಜ್ಞಾನ, ಶಕ್ತಿ, ಭದ್ರತೆ ಮತ್ತು ರಾಜಕಾರಣದ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಬೇಕಾದ ಸಾಕ್ಷ್ಯ ಬೇರೆ.

ವಿಜ್ಞಾನದ ಪ್ರಶ್ನೆ: ಎಷ್ಟು ವಿಕಿರಣ?

ವಿಕಿರಣ ಎಂದೊಡನೆ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಇದರಿಂದ ಚರ್ಚೆ ಮುಂದೆ ಸಾಗದು, ಏಕೆಂದರೆ ವಿಕಿರಣವಿಲ್ಲದ ಸ್ಥಳವೇ ಭೂಮಿಯ ಮೇಲಿಲ್ಲ. ಮಣ್ಣು, ಕಲ್ಲು, ಗಾಳಿ, ಆಕಾಶ ಮತ್ತು ಆಹಾರದಿಂದ ಮನುಷ್ಯನಿಗೆ ತಗಲುವ ಸ್ವಾಭಾವಿಕ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಣು ಸ್ಥಾವರಗಳ ಚಟುವಟಿಕೆಯಿಂದ ಸಾರ್ವಜನಿಕರಿಗೆ ಇದಕ್ಕೆ ಹೆಚ್ಚುವರಿಯಾಗಿ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲಬಾರದು ಎಂಬುದು ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಸ್ಥಾವರದ ಸಿಬ್ಬಂದಿಗೆ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ ಹಾಗೂ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರುವಂತಿಲ್ಲ.

ಆದ್ದರಿಂದ ವಿಜ್ಞಾನದ ಮಟ್ಟಿಗೆ ಕೇಳಬೇಕಾದದ್ದು ಎಷ್ಟು, ಎಲ್ಲಿ, ಯಾರು ಅಳೆದದ್ದು ಎಂಬುದನ್ನೇ.

ಸುತ್ತಲಿನ ಗ್ರಾಮಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿದೆ ಎಂಬ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದೆ. ಈ ದೂರನ್ನು ತಳ್ಳಿಹಾಕುವುದೂ ಸುಲಭ, ಒಪ್ಪಿಬಿಡುವುದೂ ಸುಲಭ. ಆದರೆ ಇದಕ್ಕೆ ಉತ್ತರ ದೊರೆಯುವುದು ವಯಸ್ಸಿಗನುಗುಣವಾದ ರೋಗಪ್ರಮಾಣ, ಸ್ಥಾವರ ಬರುವ ಮುನ್ನಿನ ಅಂಕಿಅಂಶ ಮತ್ತು ದೂರದ ಗ್ರಾಮಗಳೊಂದಿಗಿನ ಹೋಲಿಕೆಯಿಂದ ಮಾತ್ರ. ಒಂದು ಊರಿನ ಹತ್ತು ರೋಗಿಗಳ ಪಟ್ಟಿ ಕಾರಣವನ್ನು ಸಾಬೀತುಪಡಿಸುವುದಿಲ್ಲ. ಹಾಗೆಯೇ ‘ಎಲ್ಲವೂ ಮಿತಿಯೊಳಗಿದೆ’ ಎಂಬ ಒಂದು ಸಾಲಿನ ಪ್ರಕಟಣೆ ಆ ಹತ್ತು ಮನೆಗಳ ಸಂಶಯವನ್ನು ನಿವಾರಿಸುವುದಿಲ್ಲ.

ವಿಜ್ಞಾನದಲ್ಲೂ ಉತ್ತರ ಯಾವಾಗಲೂ ನೇರವಾಗಿರುವುದಿಲ್ಲ. ಜರ್ಮನಿಯ 16 ಅಣು ಸ್ಥಾವರಗಳ ಸುತ್ತ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತ ಕ್ಯಾನ್ಸರ್ ಸಂಭವ ಸುಮಾರು ಎರಡು ಪಟ್ಟು ಇರುವುದನ್ನು ಗುರುತಿಸಿತು. ಆದರೆ ಆ ಸ್ಥಾವರಗಳಿಂದ ಹೊರಬಿದ್ದ ಅಲ್ಪ ಪ್ರಮಾಣದ ವಿಕಿರಣವು ಇದಕ್ಕೆ ಕಾರಣವೆಂದು ಈಗಿನ ತಿಳಿವಳಿಕೆಯಿಂದ ವಿವರಿಸಲಾಗದು ಎಂದೂ ಅದೇ ಸಂಶೋಧಕರು ಹೇಳಿದರು. ಎರಡೂ ಬಣಗಳು ಈ ಅಧ್ಯಯನದ ಅರ್ಧಭಾಗವನ್ನಷ್ಟೇ ಉಲ್ಲೇಖಿಸುವುದುಂಟು.

ಶಕ್ತಿಯ ಪ್ರಶ್ನೆ: ಮೆಗಾವಾಟ್ ಬೇರೆ, ಯೂನಿಟ್ ಬೇರೆ

ಎರಡನೆಯ ಗೊಂದಲ ವಿದ್ಯುತ್ತಿನ ಲೆಕ್ಕಕ್ಕೆ ಸಂಬಂಧಿಸಿದ್ದು. ಪಾವಗಡದ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್, ಕೈಗಾದ್ದು ಕೇವಲ 880 ಮೆಗಾವಾಟ್, ಹೀಗಿರುವಾಗ ಅಣು ಸ್ಥಾವರವೇಕೆ ಎಂಬ ವಾದ ಸಾಮಾನ್ಯ. ಆದರೆ ಮೆಗಾವಾಟ್ ಎಂಬುದು ಸಾಮರ್ಥ್ಯದ ಅಳತೆ. ಗ್ರಾಹಕರು ಹಣ ತೆರುವುದು ಯೂನಿಟ್‌ಗೆ.

ಅಣು ಸ್ಥಾವರವು ಹಗಲಿರುಳೂ ನಡೆಯುತ್ತದೆ. ವರ್ಷದ ಸರಾಸರಿಯಲ್ಲಿ ಅದು ತನ್ನ ಸಾಮರ್ಥ್ಯದ ಶೇ 80ರಷ್ಟು ಉತ್ಪಾದಿಸಿದರೆ ಕೈಗಾದಿಂದ ಸುಮಾರು 617 ಕೋಟಿ ಯೂನಿಟ್ ದೊರೆಯುತ್ತದೆ. ಸೌರ ಫಲಕಗಳಿಗೆ ರಾತ್ರಿ ಮತ್ತು ಮೋಡದ ಮಿತಿಯಿದೆ. ಸರಾಸರಿ ಶೇ 22ರಷ್ಟು ಎಂದಿಟ್ಟುಕೊಂಡರೆ ಪಾವಗಡದಿಂದ ಸುಮಾರು 395 ಕೋಟಿ ಯೂನಿಟ್ ಲಭ್ಯ. ಈ ಲೆಕ್ಕ ಅಣುಶಕ್ತಿಯ ಪರವಾಗಿ ಕಾಣುತ್ತದೆ.

ಆದರೆ ಲೆಕ್ಕ ಇಲ್ಲಿಗೇ ಮುಗಿಯದು. ಸೌರ ವಿದ್ಯುತ್ ಯೋಜನೆ ಒಂದೆರಡು ವರ್ಷಗಳಲ್ಲಿ ಸಿದ್ಧವಾಗಬಲ್ಲದು. ಅಣು ಘಟಕಕ್ಕೆ ಅದಕ್ಕಿಂತ ಬಹಳ ದೀರ್ಘ ಕಾಲ ಬೇಕು. ವಿಳಂಬವಾದಷ್ಟೂ ಬಡ್ಡಿಯ ಹೊರೆ ಏರುತ್ತದೆ. ಇನ್ನೊಂದೆಡೆ, ಸೌರ ವಿದ್ಯುತ್ತನ್ನು ರಾತ್ರಿಗಾಗಿ ಕೂಡಿಡುವ ಖರ್ಚನ್ನೂ ಸೇರಿಸಬೇಕು. ಆ ಉದ್ದೇಶಕ್ಕಾಗಿಯೇ ಶರಾವತಿ ಕಣಿವೆಯಲ್ಲಿ ರೂಪಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೂ ಪರಿಸರವಾದಿಗಳ ವಿರೋಧವಿದೆ. ಕಾಡಿಗೆ ಧಕ್ಕೆಯಾಗದ, ಖರ್ಚಿಲ್ಲದ, ಸದಾಕಾಲ ದೊರೆಯುವ ವಿದ್ಯುತ್ ಎಂಬುದು ಯಾರ ಕೈಯಲ್ಲೂ ಇಲ್ಲ.

ಕೈಗಾದ ಒಂದನೆಯ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿಯಿತು. ಭಾರಜಲ ರಿಯಾಕ್ಟರ್‌ಗಳಲ್ಲಿ ಯಂತ್ರ ನಿಲ್ಲಿಸದೆಯೇ ಇಂಧನ ಬದಲಿಸಬಹುದಾದ್ದರಿಂದ ಇದು ಸಾಧ್ಯವಾಯಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರವು ಈ ದಾಖಲೆಯನ್ನು ಹಿಂದಿಕ್ಕಿತು. 962 ದಿನಗಳ ಸಾಧನೆಯು ಎಂಜಿನಿಯರುಗಳ ಕೌಶಲಕ್ಕೆ ಸಾಕ್ಷಿ. ಆದರೆ ಅಪಘಾತದ ಸಂಭವ ಎಷ್ಟು, ಬಳಸಿದ ಇಂಧನದ ವಿಲೇವಾರಿ ಹೇಗೆ ಎಂಬ ಪ್ರಶ್ನೆಗಳಿಗೆ ಅದು ಉತ್ತರವಲ್ಲ.

ಭದ್ರತೆಯ ಪ್ರಶ್ನೆ: ಕೈಗಾ ಏಕೆ ವಿಶೇಷ?

ಕೈಗಾ ಚರ್ಚೆಯಲ್ಲಿ ಅತಿ ಕಡಿಮೆ ಪ್ರಸ್ತಾಪವಾಗುವ ಸಂಗತಿಯೊಂದಿದೆ. 2005ರ ಜುಲೈ 18ರಂದು ಪ್ರಧಾನಿ ಮನಮೋಹನ್ ಸಿಂಗ್ ಮತ್ತು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ನಾಗರಿಕ ಅಣು ಸಹಕಾರದ ಜಂಟಿ ಹೇಳಿಕೆ ನೀಡಿದರು. ಅದರ ಅನ್ವಯ 2006ರಲ್ಲಿ ಭಾರತವು ತನ್ನ 22 ರಿಯಾಕ್ಟರ್‌ಗಳ ಪೈಕಿ 14ನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸಲು ನಿರ್ಧರಿಸಿ, ಎಂಟನ್ನು ಹೊರಗಿಟ್ಟುಕೊಂಡಿತು. ಆ ಎಂಟರಲ್ಲಿ ನಾಲ್ಕು ಕೈಗಾದವೇ. ಉಳಿದವು ತಾರಾಪುರ ಮತ್ತು ಕಲ್ಪಾಕ್ಕಂನಲ್ಲಿವೆ.

ಇದರ ಪರಿಣಾಮ ಎರಡು. ಮೊದಲನೆಯದಾಗಿ, ತಪಾಸಣೆಯಿಂದ ಹೊರಗುಳಿದ ರಿಯಾಕ್ಟರ್‌ಗಳಿಗೆ ಆಮದು ಯುರೇನಿಯಂ ಬಳಸುವಂತಿಲ್ಲ. ದೇಶೀಯ ಗಣಿಗಳ ಇಂಧನವೇ ಗತಿ. ಆ ವರ್ಷಗಳಲ್ಲಿ ಯುರೇನಿಯಂ ಅಭಾವ ತೀವ್ರವಾಗಿತ್ತು. ನಾಲ್ಕನೆಯ ಘಟಕವು ಇಂಧನಕ್ಕಾಗಿ ಕಾಯಬೇಕಾಯಿತು. ಮೂರನೆಯ ಘಟಕ 2007ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದರೆ ನಾಲ್ಕನೆಯದು ಆರಂಭಿಸಿದ್ದು 2011ರ ಜನವರಿಯಲ್ಲಿ. ಎರಡನೆಯದಾಗಿ, ರಕ್ಷಣಾ ದೃಷ್ಟಿಯಿಂದ ಸೂಕ್ಷ್ಮವೆನಿಸಿದ ಸ್ಥಾವರದ ಬಗ್ಗೆ ಮಾಹಿತಿ ಪಡೆಯುವುದು ನಾಗರಿಕರಿಗೆ ಸಹಜವಾಗಿಯೇ ಕಷ್ಟ. ಮನೆಗೆ ದೀಪ ಕೊಡುವ ಸ್ಥಾವರ ಮತ್ತು ದೇಶದ ಅಣು ಕಾರ್ಯತಂತ್ರದ ಭಾಗವಾದ ಸ್ಥಾವರ ಎರಡೂ ಒಂದೇ ಆದಾಗ ಪಾರದರ್ಶಕತೆಗೆ ಮಿತಿ ಬೀಳುತ್ತದೆ.

ಭದ್ರತೆಗೆ ಇನ್ನೊಂದು ಮುಖವೂ ಇದೆ. 2009ರ ನವೆಂಬರ್‌ನಲ್ಲಿ ಕೈಗಾ ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿರುವುದು ಪತ್ತೆಯಾಯಿತು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತಿತ್ತು. ಐವತ್ತಕ್ಕೂ ಹೆಚ್ಚು ಮಂದಿ ಇದಕ್ಕೆ ಒಳಗಾಗಿದ್ದರು. ಒಳಗಿನವರೇ ಯಾರೋ ಬೇಕೆಂದೇ ಬೆರೆಸಿರಬೇಕೆಂದು ಅಧಿಕಾರಿಗಳು ಶಂಕಿಸಿದರು.

ಆಗ ವಿರೋಧಿಗಳು ‘ವಿಕಿರಣ ಸೋರಿಕೆ’ ಎಂದರು, ಸಮರ್ಥಕರು ‘ಸೋರಿಕೆ ಆಗಿಲ್ಲ’ ಎಂದರು. ರಿಯಾಕ್ಟರ್ ಸೋರಿರಲಿಲ್ಲ ಎಂಬುದು ನಿಜ. ಆದರೆ ಬಿಗಿ ಕಾವಲಿನ ಸ್ಥಾವರದಲ್ಲಿ ಭಾರಜಲದ ಮಾದರಿಯು ಕೂಲರ್‌ವರೆಗೆ ಹೇಗೆ ಹೋಯಿತು ಎಂಬ ಪ್ರಶ್ನೆ ಸೋರಿಕೆಗಿಂತ ಕಿರಿದಲ್ಲ. ವಿಜ್ಞಾನದ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಭದ್ರತೆಯ ಪ್ರಶ್ನೆ ಮರೆಯಾಗಿಹೋಯಿತು.

1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಾಗಲೂ ಹೀಗೆಯೇ ಆಯಿತು. ಇಂಧನ ತುಂಬಿರದ ಕಾರಣ ವಿಕಿರಣದ ಅಪಾಯವಿರಲಿಲ್ಲ. ಆದರೆ ಅಪಘಾತದ ವೇಳೆ ವಿಕಿರಣವನ್ನು ತಡೆದಿಡಬೇಕಾದ ಕವಚವೇ ಅದು. ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಬೇಕಾಯಿತು. ಹಾಗಾಗಿಯೇ ಎರಡನೆಯ ಘಟಕ 2000ರ ಮಾರ್ಚ್‌ನಲ್ಲಿ ಮೊದಲು ವಾಣಿಜ್ಯ ಉತ್ಪಾದನೆಗೆ ತೊಡಗಿತು. ಒಂದನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಅದನ್ನು ಹಿಂಬಾಲಿಸಿತು.

ರಾಜಕಾರಣದ ಪ್ರಶ್ನೆ: ಭಾರ ಯಾರಿಗೆ, ಬೆಳಕು ಯಾರಿಗೆ?

ಅಣು ವಿಷಯದಲ್ಲಿ ಪಕ್ಷಗಳ ನಿಲುವು ಕುಳಿತ ಕುರ್ಚಿಯನ್ನು ಅನುಸರಿಸಿದೆ. ಅಮೆರಿಕದೊಂದಿಗಿನ ಒಪ್ಪಂದವನ್ನು ವಿರೋಧಿಸಿ 2008ರ ಜುಲೈನಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರವು 275–256 ಮತಗಳಿಂದ ವಿಶ್ವಾಸಮತ ಗೆದ್ದಿತು. ಬಿಜೆಪಿ ಅಂದು ವಿರುದ್ಧವಾಗಿ ಮತ ಹಾಕಿತು. 2010ರ ಅಣು ಹಾನಿ ಹೊಣೆಗಾರಿಕೆ ಕಾಯ್ದೆಯಲ್ಲಿ ಉಪಕರಣ ಪೂರೈಕೆದಾರರನ್ನೂ ಹೊಣೆಯಾಗಿಸುವಂತೆ ಒತ್ತಡ ಹೇರಿದ್ದು ಬಿಜೆಪಿ ಮತ್ತು ಎಡಪಕ್ಷಗಳು. 2025ರ ಡಿಸೆಂಬರ್‌ನಲ್ಲಿ ಬಿಜೆಪಿ ನೇತೃತ್ವದ ಸರ್ಕಾರವೇ ‘ಶಾಂತಿ’ ಹೆಸರಿನ ಹೊಸ ಕಾಯ್ದೆ ತಂದು, ಆ ಹೊಣೆಯನ್ನು ಸಡಿಲಿಸಿ, ಖಾಸಗಿ ಕಂಪನಿಗಳಿಗೆ ಅಣು ವಿದ್ಯುತ್ ಕ್ಷೇತ್ರದ ಬಾಗಿಲು ತೆರೆಯಿತು. ಒಪ್ಪಂದ ತಂದಿದ್ದ ಕಾಂಗ್ರೆಸ್ ಈ ಬಾರಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಆಕ್ಷೇಪಿಸಿತು.

ನಿಯಂತ್ರಣದ ವಿಷಯವೂ ಇಲ್ಲಿಯೇ ಬರುತ್ತದೆ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಶಾಸನದ ಬಲವಿಲ್ಲ ಎಂದು ಮಹಾಲೇಖಪಾಲರು 2012ರ ವರದಿಯಲ್ಲಿ ಟೀಕಿಸಿದ್ದರು. ಮಂಡಳಿಗೆ ಶಾಸನಬದ್ಧ ಸ್ಥಾನ ದೊರೆತದ್ದು 2025ರ ಕಾಯ್ದೆಯಿಂದ. ಕಾಗದದ ಮೇಲಿನ ಸ್ಥಾನ ಸ್ವಾತಂತ್ರ್ಯವಾಗಿ ಪರಿಣಮಿಸುವುದೇ ಎಂಬುದು ಅದರ ನಿರ್ಧಾರಗಳಿಂದಷ್ಟೇ ತಿಳಿಯಬೇಕು.

ಇವೆಲ್ಲದರ ಕೆಳಗೆ ಉತ್ತರ ಕನ್ನಡದ್ದೇ ಆದ ನೋವಿದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಸ್ಥಾವರ, ಕಾರವಾರದ ಸೀಬರ್ಡ್ ನೌಕಾನೆಲೆ ಹೀಗೆ ಒಂದರ ಹಿಂದೊಂದು ಯೋಜನೆಗಳಿಗೆ ಈ ಜಿಲ್ಲೆ ಭೂಮಿ ಮತ್ತು ಕಾಡು ನೀಡಿದೆ. ಕೈಗಾದ ವಿದ್ಯುತ್ ಕರ್ನಾಟಕಕ್ಕೆ ಮಾತ್ರವಲ್ಲದೆ ದಕ್ಷಿಣದ ಇತರ ರಾಜ್ಯಗಳಿಗೂ ಹಂಚಿಕೆಯಾಗುತ್ತದೆ. ಅಪಾಯದ ಭಾರ ಹೊರುವವರು ಮತ್ತು ಬೆಳಕಿನ ಲಾಭ ಪಡೆಯುವವರು ಬೇರೆಯಾದಾಗ, ಎಷ್ಟು ಮಿಲಿಸೀವರ್ಟ್ ಎಂಬ ಉತ್ತರದಿಂದ ಅನ್ಯಾಯದ ದೂರು ತೀರುವುದಿಲ್ಲ. ಅದು ಪರಿಹಾರ, ಉದ್ಯೋಗ, ಪುನರ್ವಸತಿ ಮತ್ತು ಒಪ್ಪಿಗೆಗೆ ಸಂಬಂಧಿಸಿದ್ದು.

ಹೊಸ ಘಟಕಗಳ ಪರಿಸರ ಅನುಮತಿಗಾಗಿ 2018ರಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ತೀವ್ರ ವಿರೋಧ ವ್ಯಕ್ತವಾಯಿತು. ಮರುವರ್ಷ ಅನುಮತಿ ದೊರೆಯಿತು. ಕಾನೂನಿನ ಪ್ರಕಾರ ಇಂತಹ ಸಭೆ ಅಭಿಪ್ರಾಯ ದಾಖಲಿಸುವ ವೇದಿಕೆಯಷ್ಟೇ. ಅಲ್ಲಿ ಮತದಾನವಿಲ್ಲ. ಜನರ ಒಪ್ಪಿಗೆ ಕೇಳಿದಂತೆ ತೋರುವ, ಆದರೆ ಒಪ್ಪಿಗೆ ಅಗತ್ಯವಿಲ್ಲದ ಈ ವ್ಯವಸ್ಥೆಯೇ ಅನೇಕರ ಸಿಟ್ಟಿಗೆ ಮೂಲ.

ವಾದ ಆಲಿಸುವಾಗ

ಈ ನಾಲ್ಕು ಪ್ರಶ್ನೆಗಳನ್ನು ಬಿಡಿಸಿಟ್ಟುಕೊಂಡರೆ ಒಬ್ಬ ನಾಗರಿಕ ಒಂದೊಂದರಲ್ಲಿ ಒಂದೊಂದು ನಿಲುವು ತಳೆಯಬಹುದು. ಕೈಗಾದ ದೈನಂದಿನ ವಿಕಿರಣ ಅಪಾಯಕಾರಿ ಮಟ್ಟದಲ್ಲಿಲ್ಲ ಎಂದು ಒಪ್ಪಿಯೂ, ಅದನ್ನು ಅಳೆಯುವ ಕೆಲಸ ಹೊರಗಿನ ಸಂಸ್ಥೆಯಿಂದಲೂ ಆಗಲಿ ಎಂದು ಕೇಳಬಹುದು. ಕಲ್ಲಿದ್ದಲಿಗಿಂತ ಅಣುಶಕ್ತಿ ಮೇಲು ಎಂದು ನಂಬಿಯೂ, ಪಶ್ಚಿಮ ಘಟ್ಟದ ಕಾಡು ಇದಕ್ಕೆ ತಕ್ಕ ಸ್ಥಳವಲ್ಲ ಎನ್ನಬಹುದು. ದೇಶದ ಭದ್ರತೆಗೆ ಗೋಪ್ಯತೆ ಬೇಕೆಂದು ಒಪ್ಪಿಯೂ, ಕುಡಿಯುವ ನೀರಿನ ಕೂಲರ್‌ಗೆ ಅದು ಅನ್ವಯಿಸದು ಎನ್ನಬಹುದು. ಇವು ಪರಸ್ಪರ ವಿರುದ್ಧವಾದ ಮಾತುಗಳಲ್ಲ.

ಮುಂದಿನ ಬಾರಿ ಯಾರಾದರೂ ಕೈಗಾ ಸುರಕ್ಷಿತ ಎಂದಾಗ ಅಥವಾ ಅಪಾಯಕಾರಿ ಎಂದಾಗ ಮೊದಲು ಕೇಳಬೇಕಾದದ್ದು ಇಷ್ಟೆ: ನಾಲ್ಕರಲ್ಲಿ ಯಾವ ಪ್ರಶ್ನೆಗೆ ಈ ಉತ್ತರ? ಮಲ್ಲಾಪುರ, ಕದ್ರಾ ಸುತ್ತಲಿನ ಜನರಿಗೆ ನಾಲ್ಕಕ್ಕೂ ಪ್ರತ್ಯೇಕ ಉತ್ತರ ಸಲ್ಲಬೇಕಾಗಿದೆ. ಒಂದರ ಉತ್ತರವನ್ನು ಮತ್ತೊಂದಕ್ಕೆ ಅಂಟಿಸುವವರೆಗೆ ಐದನೆಯ, ಆರನೆಯ ಘಟಕಗಳು ಎದ್ದು ನಿಂತರೂ ಈ ವಾದ ಮುಗಿಯದು.